ಸೈಕಲ್ ತಗೊಂಡೆ, ರೇಡಿಯೋನೂ ಕಟ್ಟಿದೆ, ಈಗ ಬೈಯೋರು ಬೈರಿ

ಶಹಾಬಜಾರಿನವ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳ ಹಿಂದೆ ಒಂದು ಸೈಕಲ್ ತಗೊಂಡೆ. ಗೇರಿಲ್ಲದ, ಹಿಂದೆ ಕ್ಯಾರಿಯರ್ ಇರುವ, ಕರಿ ಬಣ್ಣದ ಸಾದಾ ಸೈಕಲ್. ನನ್ನ ವಯಸ್ಸು 47. ಊರು ಕಲಬುರಗಿ, ಮನೆ ಶಹಾಬಜಾರ್, ಕೆಲಸ ಸ್ಟೇಷನ್ ಕಡೆ.

ಮೊದಲ ದಿನ ಆಫೀಸಿನ ವಾಚ್‌ಮನ್ ಕೇಳಿದ, "ಯಾಕ್ರೀ ಸಾಹೇಬ್ರ, ಗಾಡಿ ರಿಪೇರಿಗಿ ಬಿಟ್ಟೀರೇನು?" ಎರಡನೇ ದಿನ, "ಇನ್ನಾ ಆಗಿಲ್ಲೇನ್ರೀ?" ಮೂರನೇ ದಿನ ಪಕ್ಕದ ಮೇಜಿನವರು ಹತ್ತಿರ ಬಂದು ಮೆಲ್ಲಗೆ, "ಮನ್ಯಾಗ ಎಲ್ಲಾ ಆರಾಮ ಅದ ಇಲ್ಲ? ರೊಕ್ಕ ಗಿಕ್ಕ ಬೇಕಾದ್ರ ಹೇಳ್ರಿ" ಅಂದರು. ನಾಲ್ಕನೇ ದಿನ ನಾನೇ "ಶುಗರ್ ಬಂದಿದೆ" ಅಂತ ಹೇಳಿಬಿಟ್ಟೆ. ಆಮೇಲೆ ಯಾರೂ ಕೇಳಲಿಲ್ಲ. ನಮ್ಮೂರಲ್ಲಿ ದೊಡ್ಡವರು ಸೈಕಲ್ ತುಳಿಯಲು ಎರಡೇ ಕಾರಣ ಇರಬೇಕು. ಒಂದೋ ರೊಕ್ಕ ಇಲ್ಲ, ಇಲ್ಲಾ ಶುಗರ್ ಇದೆ. ಸುಮ್ನೆ ಇಷ್ಟ ಅಂದರೆ ನಂಬುವುದಿಲ್ಲ.

ರೇಡಿಯೋ ಸಂಗತಿ ಇನ್ನೊಂದು. ಅಪ್ಪನ ಕಾಲದ ಚಿಕ್ಕ ಸೆಟ್ ಅಟ್ಟದ ಮೇಲಿತ್ತು. ಧೂಳು ಒರೆಸಿ ಸೆಲ್ ಹಾಕಿದರೆ ಮಾತಾಡಿತು! ಹಳೇ ಟ್ಯೂಬ್ ಕತ್ತರಿಸಿ ಪಟ್ಟಿ ಮಾಡಿ ಹ್ಯಾಂಡಲಿಗೆ ಬಿಗಿದೆ. ಬೆಳಿಗ್ಗೆ ಆಕಾಶವಾಣಿ ಕಲಬುರಗಿ ನನ್ನ ಜೊತೆಗೇ ಬರುತ್ತೆ. ಕೋಟೆ ಗೋಡೆ ಪಕ್ಕ ವಚನ, ಸೂಪರ್ ಮಾರ್ಕೆಟ್ ಹತ್ತಿರ ಸುದ್ದಿ, ಜಗತ್ ಸರ್ಕಲ್ ದಾಟಿದರೆ ಸಿನಿಮಾ ಹಾಡು. ಸರ್ದಾರ್ ಪಟೇಲ್ ಸರ್ಕಲ್‌ನಲ್ಲಿ ಮಾತ್ರ ಬರೀ ಗರ್ರ್. ನಮ್ಮ ಮನೆಯವಳು ನೋಡಿ ಹೇಳಿದ್ದು, "ಹಿಂದ ಒಂದು ಐಸ್‌ಕ್ರೀಮ್ ಡಬ್ಬೀನೂ ಕಟ್ಟಿಬಿಡ್ರಿ, ಪೆಟ್ರೋಲ್ ಉಳದಂಗೂ ಆಯ್ತು, ರೊಕ್ಕ ಬಂದಂಗೂ ಆಯ್ತು."

ಕೇಳಬೇಕಾಗಿದ್ದು ಏನಂದರೆ, ಮೂರು ತಿಂಗಳಲ್ಲಿ ಒಂಬತ್ತು ಪಂಚರ್ ಆಗಿದೆ. ಇದು ಎಲ್ಲರಿಗೂ ಹೀಗೇನಾ, ನನ್ನ ಹಣೆಬರಹಾನಾ? ಆ ಗರ್ರ್‌ಗೆ ಮದ್ದಿದೆಯಾ?

ಇನ್ನೊಂದು ಮಾತು. ಹೋದ ಭಾನುವಾರ ಮಗಳ ಜೊತೆ ಸಿನಿಮಾಕ್ಕೆ ಹೋಗಿದ್ದೆ. ಹೀರೋ ಬಡವ ಅಂತ ತೋರಿಸಬೇಕಲ್ಲ, ಮೊದಲ ದೃಶ್ಯದಲ್ಲೇ ಕೈಗೊಂದು ಸೈಕಲ್ ಕೊಟ್ಟಿದ್ದರು. ಇಂಟರ್ವಲ್ ಆದಮೇಲೆ ಬುಲೆಟ್ ಬಂತು. ಮಗಳು ಕತ್ತಲಲ್ಲೇ ಕೇಳಿದಳು, "ಪಪ್ಪಾ, ನಿಮಗೂ ಇಂಟರ್ವಲ್ ಆದ್ಮ್ಯಾಲ ಬುಲೆಟ್ ಬರ್ತದೇನು?"

ಪಂಚರ್ ಪಂಡಿತ

ಒಂಬತ್ತು ಜಾಸ್ತಿ ಆಯ್ತು ಅಣ್ಣಾ. ಆದರೆ ಈ ದಿನಮಾನದಲ್ಲಿ ಆಶ್ಚರ್ಯವೂ ಅಲ್ಲ. ನಿಮ್ಮ ವೈರಿ ಹೆಸರು ನೆಗ್ಗಿಲು. ಮಳೆಗಾಲದಲ್ಲಿ ರಸ್ತೆ ಬದಿ ನೆಲಕ್ಕೆ ಹಬ್ಬಿಕೊಂಡು ಹಳದಿ ಹೂ ಬಿಡುತ್ತಲ್ಲ, ಅದೇ. ನೋಡಲು ಪಾಪ ಅನಿಸುತ್ತೆ. ಮಳೆ ನಿಂತು ಕಾಯಿ ಒಣಗಿ ಒಡೆದರೆ ಒಂದೊಂದು ಚೂರಿಗೂ ಮುಳ್ಳು. ಹೇಗೇ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ನಿಂತೇ ಇರುತ್ತೆ.

ಇನ್ನೊಂದು ಬಳ್ಳಾರಿ ಜಾಲಿ. ಅದು ಟೈರಿನೊಳಗೆ ನೆಟ್ಟಗೆ ಹೋಗಿ ತುದಿ ಮುರಿದುಕೊಂಡು ಅಲ್ಲೇ ಕೂರುತ್ತೆ. ಅಂಗಡಿಯವನು ಟ್ಯೂಬಿಗೆ ಪ್ಯಾಚ್ ಹಾಕುತ್ತಾನೆ, ಮುಳ್ಳು ಟೈರಿನಲ್ಲೇ ಉಳಿಯುತ್ತೆ. ಮರುದಿನ ಮತ್ತೆ ಅಲ್ಲೇ ತೂತು. ನಿಮ್ಮ ಒಂಬತ್ತರಲ್ಲಿ ನಾಲ್ಕಾದರೂ ಹಳೇ ಮುಳ್ಳಿನ ಕೆಲಸ ಇರಬೇಕು. ಟ್ಯೂಬ್ ತೆಗೆದಾಗ ಒಂದು ಹಳೇ ಬನಿಯನ್ ಚೂರನ್ನು ಟೈರಿನ ಒಳಗಡೆ ಸುತ್ತಲೂ ಒರೆಸಿಕೊಂಡು ಹೋಗಿ. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತೋ ಅಲ್ಲಿ ಮುಳ್ಳಿದೆ. ಬೆರಳು ಆಡಿಸಬೇಡಿ. ನಾನು ಆಡಿಸಿದ್ದೇನೆ, ರಕ್ತ ಬಂದಿದೆ.

ಖರ್ಚಿಲ್ಲದ ಇನ್ನೊಂದು ಉಪಾಯ. ಹಾಳಾದ ಟ್ಯೂಬನ್ನು ಉದ್ದಕ್ಕೆ ಸೀಳಿ, ವಾಲ್ ಇರುವ ಭಾಗ ಕತ್ತರಿಸಿ ತೆಗೆದು, ಟೈರಿಗೂ ಹೊಸ ಟ್ಯೂಬಿಗೂ ನಡುವೆ ಹಾಸಿಬಿಡಿ. ಸೈಕಲ್ ಸ್ವಲ್ಪ ಭಾರ ಆಗುತ್ತೆ. ಆದರೆ ನೆಗ್ಗಿಲು ಅಷ್ಟು ದೂರ ಮುಟ್ಟುವುದಿಲ್ಲ.

ರಿಂಗ್ ರೋಡ್ ರಾಜಾ

ಎಲ್ಲಾ ಚೆನ್ನಾಗಿದೆ. ಏಪ್ರಿಲ್ ಬರಲಿ, ಆಮೇಲೆ ಮಾತಾಡೋಣ.

ಬೇಜಾರು ಮಾಡಿಕೊಳ್ಳಬೇಡಿ ಸರ್. ನಾನೂ ತಗೊಂಡಿದ್ದೆ. 2020ರಲ್ಲಿ ಕೊರೊನಾ ಬಂದಾಗ. ದೇಶದ ಮೊದಲ ಕೊರೊನಾ ಸಾವು ನಮ್ಮೂರಿನದೇ ಆಯಿತಲ್ಲ, ಮಾರ್ಚ್ ತಿಂಗಳು. ಆಮೇಲೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಲಾಕ್‌ಡೌನ್ ಸಡಿಲ ಮಾಡಿದ ಮೇಲೆ ಎಲ್ಲರಿಗೂ ಸೈಕಲ್ ಹುಚ್ಚು ಹಿಡಿಯಿತು. ನನಗೂ ಹಿಡಿಯಿತು. 21 ಗೇರಿನದು. ರಸ್ತೆ ಖಾಲಿ ಇದ್ದಾಗ ರಿಂಗ್ ರೋಡಿನಲ್ಲಿ ರಾಜನ ಹಾಗೆ ಓಡಾಡಿದೆ, ಹೆಸರೂ ಆಗಿನದೇ. ಲಾರಿಗಳು ವಾಪಸ್ ಬಂದವು ನೋಡಿ, ಹುಚ್ಚು ಇಳಿಯಿತು. ಶಹಾಬಾದ್ ಕಲ್ಲು ಹೇರಿದ ಲಾರಿ ಪಕ್ಕದಲ್ಲಿ ಹೋದರೆ ಮೊದಲು ಗಾಳಿ ನಮ್ಮನ್ನು ಹೊರಗೆ ನೂಕುತ್ತೆ, ಆಮೇಲೆ ಒಳಗೆ ಎಳೆಯುತ್ತೆ. ಅನುಭವಿಸಿದವರಿಗೇ ಗೊತ್ತು. ಈಗ ಆ ಸೈಕಲ್ ಮೇಲೆ ನಮ್ಮ ಮನೆಯವರು ಹಪ್ಪಳ ಒಣಗಿಸುವ ಸೀರೆ ಕಟ್ಟುತ್ತಾರೆ.

ಮತ್ತೆ ಬಿಸಿಲು. 43, 44 ಡಿಗ್ರಿಯಲ್ಲಿ ಟೈರ್ ಸಿಡಿಯುತ್ತೆ.

ಪಂಚರ್ ಪಂಡಿತ

ರಾಜಾ ಅವರೇ, ಲಾರಿ ವಿಷಯ ಒಪ್ಪಿದೆ. ಟೈರ್ ವಿಷಯ ಒಪ್ಪಲ್ಲ. ಬಿಸಿಲಿಗೆ ಗಾಳಿ ಹಿಗ್ಗುವುದು ನಿಜ, ಆದರೆ ಎಷ್ಟು? ಬೆಳಗಿನ ತಂಪಿನಲ್ಲಿ ತುಂಬಿದ ಟೈರು ಮಧ್ಯಾಹ್ನ 60 ಡಿಗ್ರಿಗೆ ಕಾದರೂ ಒತ್ತಡ ಏರುವುದು ಹತ್ತರಲ್ಲಿ ಒಂದು ಪಾಲಿನಷ್ಟು, ಸ್ವಲ್ಪ ಹೆಚ್ಚು ಅನ್ನಿ. ಗಟ್ಟಿ ಟೈರಿಗೆ ಅದು ಏನೂ ಅಲ್ಲ. ಸಿಡಿಯುವುದು ಅಂಚು ಸವೆದ ಹಳೇ ಟೈರು, ಇಲ್ಲಾ ರಿಮ್ಮಿನಲ್ಲಿ ಸರಿಯಾಗಿ ಕೂರಿಸದ ಟೈರು. ಇನ್ನೊಂದು, ಬಿಸಿಲಲ್ಲಿ ನಿಲ್ಲಿಸಿದರೆ ಅವಸರದಲ್ಲಿ ಹಚ್ಚಿದ ಸೊಲ್ಯೂಷನ್ ಮೆತ್ತಗಾಗಿ ಪ್ಯಾಚ್ ಜರುಗುತ್ತೆ. ಸೊಲ್ಯೂಷನ್ ಹಚ್ಚಿ ಐದು ನಿಮಿಷ ಒಣಗಲು ಬಿಟ್ಟು ಆಮೇಲೆ ಪ್ಯಾಚ್ ಒತ್ತಬೇಕು. ಊದಿ ಊದಿ ಒಣಗಿಸಿ ತಕ್ಷಣ ಅಂಟಿಸುವವರ ಹತ್ತಿರ ಹೋಗಬೇಡಿ. ಬೇವಿನ ಮರ ನೋಡಿ ನಿಲ್ಲಿಸಿ, ಅಷ್ಟೇ.

ಹಳೇ ಅಟ್ಲಾಸ್

ಶಹಾಬಜಾರಿನ ತಮ್ಮಾ, ನಿನ್ನ ಬರಹ ಓದಿ ಬೆಳಿಗ್ಗೆ ಚಹಾ ಆರಿಹೋಯಿತು. ನನಗೆ 72. ಮೇಷ್ಟ್ರಾಗಿದ್ದೆ, ರಿಟೈರ್ ಆಗಿ ಬಹಳ ವರ್ಷ ಆಯ್ತು.

ನಾನು ಸೈಕಲ್ ಕಲಿತದ್ದು ಬ್ರಹ್ಮಪುರದ ಬಾಡಿಗೆ ಅಂಗಡಿಯಲ್ಲಿ. ತಾಸಿಗೆ ನಾಲ್ಕಾಣೆ. ಗುರುತಿನವರಿಲ್ಲದೆ ಕೊಡುತ್ತಿರಲಿಲ್ಲ. ಮಡ್‌ಗಾರ್ಡ್ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆದಿರುತ್ತಿತ್ತು. 7 ನಂಬರಿನದಕ್ಕೆ ಮಾತ್ರ ಎರಡೂ ಬ್ರೇಕು ಇತ್ತು, ಅದಕ್ಕೇ ಜಗಳ. ಸೀಟಿನ ಮೇಲೆ ಕೂತರೆ ಕಾಲು ಪೆಡಲಿಗೆ ಮುಟ್ಟದ ವಯಸ್ಸು. ತ್ರಿಕೋನದ ನಡುವೆ ಕಾಲು ತೂರಿಸಿ ಕೈಂಚಿ ಹೊಡೆಯುತ್ತಿದ್ದೆವು. ಅಪ್ಪನ ಕೆರೆ ಅನ್ನುವ ನಮ್ಮೂರ ಕೆರೆ ದಂಡೆಗೆ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಪೌಣ ತಾಸು ಆಗಿರುತ್ತಿತ್ತು. ಉಳಿದ ಹದಿನೈದು ನಿಮಿಷ ಅಂಗಡಿ ಮುಂದೆಯೇ ಸುತ್ತುತ್ತಿದ್ದೆವು. ಒಂದು ನಿಮಿಷ ಮೇಲಾದರೂ ಮತ್ತೆ ನಾಲ್ಕಾಣೆ ಕೇಳುವ ಆಸಾಮಿ ಅವನು.

ಆಗ ಎಂ.ಎಸ್.ಕೆ. ಬಟ್ಟೆ ಮಿಲ್ಲಿನ ಭೋಂಗಾ, ಅಂದರೆ ಸೈರನ್, ಊರಿಗೆಲ್ಲ ಗಡಿಯಾರ. ಭೋಂಗಾ ಆದ ಹತ್ತು ನಿಮಿಷಕ್ಕೆ ರಸ್ತೆ ತುಂಬ ಸೈಕಲ್. ಹ್ಯಾಂಡಲಿಗೆ ಊಟದ ಡಬ್ಬಿ, ತಲೆಗೆ ಹತ್ತಿ ಎಳೆ. ಸೈಕಲಿಗೆ ಮುನ್ಸಿಪಾಲ್ಟಿ ಬಿಲ್ಲೆ ಇರಬೇಕಿತ್ತು. ರಾತ್ರಿ ದೀಪ ಇಲ್ಲದಿದ್ದರೆ ಪೊಲೀಸರು ವಾಲ್ ಕಿತ್ತು ಗಾಳಿ ಬಿಡುತ್ತಿದ್ದರು. ರೇಡಿಯೋಕ್ಕೂ ಲೈಸನ್ಸ್. ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ರೊಕ್ಕ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಬೇಕು.

ನಮ್ಮೂರ ಆಕಾಶವಾಣಿ ಶುರುವಾದದ್ದು 1966ರಲ್ಲಿ. ಅದಕ್ಕೂ ಮೊದಲು ಧಾರವಾಡ, ಹೈದರಾಬಾದ್ ಹಿಡಿಯುತ್ತಿದ್ದೆವು. ಊರಿನದೇ ಕೇಂದ್ರ ಬಂದ ಮೇಲೆ ನಮ್ಮ ಅವ್ವ ಮುಳ್ಳು ತಿರುಗಿಸಲು ಯಾರಿಗೂ ಬಿಡಲಿಲ್ಲ. 1107 ಕಿಲೋಹರ್ಟ್ಸ್‌ಗೆ ನಿಲ್ಲಿಸಿ, ಗಾಜಿನ ಮೇಲೆ ಕುಂಕುಮದಿಂದ ಬೊಟ್ಟಿಟ್ಟಿದ್ದಳು.

ಸಿನಿಮಾ ಮಾತೂ ಬಂತಲ್ಲ. ಅವ್ವ ಟಾಕೀಸಿಗೆ ಹೋದದ್ದು ಜೀವನದಲ್ಲಿ ನಾಲ್ಕೈದು ಸಲ ಇರಬೇಕು. ಆದರೆ ರೇಡಿಯೋದಲ್ಲಿ ಒಂದೊಂದು ದಿನ ಇಡೀ ಸಿನಿಮಾದ ಧ್ವನಿ ಹಾಕುತ್ತಿದ್ದರಲ್ಲ, ಅದನ್ನು ಒಂದೂ ಬಿಟ್ಟವಳಲ್ಲ. ರೊಟ್ಟಿ ಬಡಿಯುತ್ತಾ ಕೇಳುವುದು. ಮಾತು ನಿಂತು ಬರೀ ಸಂಗೀತ ಬಂದರೆ ರೊಟ್ಟಿ ಬಡಿಯುವುದನ್ನೂ ನಿಲ್ಲಿಸಿ, "ಈಗೇನೋ ಆಗ್ಲಿಕತ್ತದ" ಅನ್ನುತ್ತಿದ್ದಳು. ಮುಂದೆ ಟಿವಿಯಲ್ಲಿ ಅದೇ ಸಿನಿಮಾ ಬಂದಾಗ ನೋಡಿ, "ಇಷ್ಟ ಏನು? ನಾ ನೋಡಿದ ಮನಿ ಭಾಳ ದೊಡ್ಡದಿತ್ತು" ಅಂದಳು.

ನನ್ನ ಅಟ್ಲಾಸ್ ಸೈಕಲ್ ಇನ್ನೂ ಇದೆ. ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ಕ್ಕೆ ನಿಂತಿತು. ಆವತ್ತೇ ವಿಶ್ವ ಸೈಕಲ್ ದಿನ. ದಿನ ನೋಡಿ ಬಾಗಿಲು ಹಾಕಿದ ಹಾಗೆ.

ತೊಗರಿ ಬ್ಯಾಳಿ

ಕಾಕಾ, ಎಷ್ಟು ಚಂದ ಬರೆದಿದ್ದೀರಿ. ನಿಮ್ಮ ಅವ್ವನ ಮಾತಿಗೆ ಕಣ್ಣು ಒದ್ದೆ ಆಯ್ತು. ಆದರೆ ಒಂದು ಮಾತು ಕೇಳ್ತೀನಿ, ತಪ್ಪು ತಿಳಿಯಬೇಡಿ. ನೀವು ಬರೆದ ಅಷ್ಟೂ ಸೈಕಲ್ ಮೇಲೆ ಒಬ್ಬಳಾದರೂ ಹೆಣ್ಣುಮಗಳು ಇದ್ದಾಳಾ? ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಾಳೆ.

ನನ್ನ ಕಥೆ ಹೇಳ್ತೀನಿ. ನಮ್ಮದು ಚಿತ್ತಾಪುರ ತಾಲೂಕಿನ ಒಂದು ಹಳ್ಳಿ. ಹೈಸ್ಕೂಲು ನಾಲ್ಕು ಕಿಲೋಮೀಟರ್ ದೂರ. 2006-07ರಲ್ಲಿ ಸರ್ಕಾರದಿಂದ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದರಲ್ಲ, ನನಗೆ ಅದರ ಮರುವರ್ಷ ಸಿಕ್ಕಿತು. ನಮ್ಮ ಅಕ್ಕ ಏಳನೇ ತರಗತಿಗೆ ಶಾಲೆ ಬಿಟ್ಟವಳು, "ಅಷ್ಟು ದೂರ ಯಾರು ಬಿಡ್ತಾರ" ಅಂತ. ನಾನು ಮೂರು ವರ್ಷ ಹೋದೆ. ನಾವು ಆರು ಜನ ಹುಡುಗಿಯರು, ಸಾಲಾಗಿ. ಎರೆ ಮಣ್ಣಿನ ದಾರಿ. ಮಳೆ ಬಂದರೆ ಮಣ್ಣು ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮೆತ್ತಿಕೊಂಡು ಗಾಲಿಯೇ ತಿರುಗುತ್ತಿರಲಿಲ್ಲ. ಜೋಳದ ದಂಟು ಮುರಿದು ಕೆದರಿ ಕೆದರಿ ತೆಗೆಯಬೇಕು. ಹತ್ತು ಹೆಜ್ಜೆಗೆ ಮತ್ತೆ ಮೆತ್ತಿಕೊಳ್ಳುತ್ತೆ. ಕೊನೆಗೆ ನಾವೇ ಸೈಕಲ್ ಹೊತ್ತುಕೊಂಡು ಹೋಗುತ್ತಿದ್ದೆವು. ಆದರೂ ಅಷ್ಟು ಖುಷಿಯ ದಿನ ಮತ್ತೆ ಬರಲಿಲ್ಲ.

ಹತ್ತನೇ ತರಗತಿ ಮುಗಿಯಿತು, ಸೈಕಲ್ ತಮ್ಮನ ಪಾಲಾಯಿತು. ಈಗ ಹನ್ನೆರಡು ವರ್ಷದಿಂದ ಇದೇ ಊರಲ್ಲಿದ್ದೇನೆ, ಒಂದು ಸಲವೂ ತುಳಿದಿಲ್ಲ. ಸ್ಕೂಟಿ ಹೊಡೆದರೆ ಯಾರೂ ನೋಡುವುದಿಲ್ಲ. ಸೈಕಲ್ ಹತ್ತಿದರೆ ಓಣಿ ಪೂರಾ ತಿರುಗಿ ನೋಡುತ್ತೆ. ಯಾಕೆ ಅಂತ ನನಗೂ ಗೊತ್ತಾಗಿಲ್ಲ.

ಹಳೇ ಅಟ್ಲಾಸ್

ಮಗಳೇ, ತಪ್ಪು ತಿಳಿಯಲಿಲ್ಲ. ನಿನ್ನೆ ರಾತ್ರಿಯಿಂದ ನೆನಪು ಮಾಡಿಕೊಳ್ಳುತ್ತಾ ಇದ್ದೇನೆ. ಒಬ್ಬರೇ ಒಬ್ಬರು ಸಿಕ್ಕರು. ಹೆರಿಗೆ ಮಾಡಿಸುವ ನರ್ಸಮ್ಮ, ಬಿಳಿ ಸೀರೆ, ಅಡ್ಡ ಡಂಡಾ ಇಲ್ಲದ ಲೇಡೀಸ್ ಸೈಕಲ್. ಹಿಂದಿನ ಗಾಲಿಗೆ ಸೀರೆ ಸಿಗದ ಹಾಗೆ ದಾರದ ಜಾಲರಿ ಕಟ್ಟಿರುತ್ತಿದ್ದರು. ಅವರು ಬಂದರೆ ಮಿಲ್ಲಿನವರೂ ದಾರಿ ಬಿಡುತ್ತಿದ್ದರು. ಹುಡುಗರು ಮಾತ್ರ ಹಿಂದೆ ಓಡುತ್ತಿದ್ದೆವು. ಅದು ಗೌರವವೋ ಚೇಷ್ಟೆಯೋ, ಈಗ ಕೇಳಿದರೆ ಹೇಳಲು ನಾಚಿಕೆ ಆಗುತ್ತೆ.

ನನ್ನ ಇಬ್ಬರು ಹೆಣ್ಣುಮಕ್ಕಳಿಗೂ ನಾನು ಕಲಿಸಲಿಲ್ಲ. ಮಗನಿಗೆ ಕಲಿಸಿದೆ.

ಯಾದಗಿರಿ ಸುಸ್ಲಾ

ಕೊರೊನಾ ಟೈಮಿಗೆ ಶಾಲೆ ಸೈಕಲ್ ನಿಂತು ಹೋಯಿತು. ನಮ್ಮ ಓಣಿಯ ಎಷ್ಟು ಹುಡುಗಿಯರು ಈಗ ಆಟೋದಲ್ಲಿ ಹನ್ನೆರಡು ಜನರ ನಡುವೆ ಕೂತು ಹೋಗುತ್ತಾರೆ. ಇದನ್ನು ಯಾರೂ ಸುದ್ದಿ ಮಾಡುವುದಿಲ್ಲ.

ಸಿಗ್ನಲ್ ಸಿಗ್ತಾ ಇಲ್ಲ

ಗರ್ರ್ ವಿಷಯಕ್ಕೆ ಬರ್ತೀನಿ. ನಾನು ಟಿವಿ, ರೇಡಿಯೋ ರಿಪೇರಿ ಮಾಡುತ್ತಿದ್ದವನು, ಈಗ ಮೊಬೈಲ್ ಅಂಗಡಿ.

ನಿಮ್ಮದು ಮೀಡಿಯಂ ವೇವ್, ಅಂದರೆ ಎಫ್‌ಎಂಗಿಂತ ಹಳೇ ಬ್ಯಾಂಡ್. ಆ ಸೆಟ್ಟಿನ ಹಿಂಬದಿ ಬಿಚ್ಚಿದರೆ ಒಳಗೊಂದು ಕರಿ ಕಡ್ಡಿ ಇರುತ್ತೆ, ಮೇಲೆ ತಾಮ್ರದ ತಂತಿ ಸುತ್ತಿರುತ್ತಾರೆ. ಫೆರೈಟ್ ಕಡ್ಡಿ ಅಂತಾರೆ. ಅದೇ ಏರಿಯಲ್. ಹೊರಗೆ ಎಳೆಯುವ ಉದ್ದನೆ ಕಡ್ಡಿ ಮೀಡಿಯಂ ವೇವ್‌ಗೆ ಕೆಲಸಕ್ಕೆ ಬರುವುದಿಲ್ಲ. ಸುಮ್ನೆ ಎಳೆದು ಎಳೆದು ಮುರಿಯುತ್ತಾರೆ. ಈ ಒಳಗಿನ ಕಡ್ಡಿಗೆ ದಿಕ್ಕಿದೆ. ಕಡ್ಡಿಯ ಪಕ್ಕ ಕೇಂದ್ರದ ಕಡೆ ಇದ್ದರೆ ಜೋರಾಗಿ ಕೇಳುತ್ತೆ. ಕಡ್ಡಿಯ ತುದಿ ಕೇಂದ್ರದ ಕಡೆ ತಿರುಗಿದರೆ ಧ್ವನಿ ಬಿದ್ದೇ ಹೋಗುತ್ತೆ. ಹಿಂದೆ ಮನೆಯಲ್ಲಿ ಅಜ್ಜಂದಿರು ರೇಡಿಯೋನ ಹೀಗೆ ಹಾಗೆ ತಿರುಗಿಸಿ ಇಡುತ್ತಿದ್ದರಲ್ಲ, ಅದು ಹುಚ್ಚಲ್ಲ.

ಈಗ ನಿಮ್ಮ ರೇಡಿಯೋ ಹ್ಯಾಂಡಲ್ ಮೇಲಿದೆ. ನೀವು ಸರ್ಕಲ್‌ನಲ್ಲಿ ತಿರುಗಿದರೆ ಕಡ್ಡಿಯೂ ತಿರುಗುತ್ತೆ. ಅದರ ಜೊತೆಗೆ ಅಲ್ಲಿ ಎಲ್‌ಇಡಿ ಬೋರ್ಡುಗಳು, ಅಂಗಡಿ ಇನ್ವರ್ಟರುಗಳು. ಅವೆಲ್ಲ ಮೀಡಿಯಂ ವೇವ್‌ನಲ್ಲಿ ಕಸ ಚೆಲ್ಲುತ್ತವೆ. ಎಫ್‌ಎಂಗೆ ಅಷ್ಟು ತೊಂದರೆ ಕೊಡುವುದಿಲ್ಲ. ಮೂರನೆಯದು, ಕಬ್ಬಿಣದ ಹ್ಯಾಂಡಲಿಗೆ ತಾಗಿಸಿ ಕಟ್ಟಿದ್ದೀರಿ. ಆ ತಂತಿಗೆ ಕಬ್ಬಿಣ ಹತ್ತಿರ ಇದ್ದರೆ ಆಗಿಬರುವುದಿಲ್ಲ. ನಡುವೆ ಎರಡು ಬೆರಳು ದಪ್ಪ ಥರ್ಮೋಕೋಲ್ ಇಡಿ, ಸೆಟ್ಟನ್ನು ಈಗಿರುವುದಕ್ಕೆ ಅಡ್ಡ ತಿರುಗಿಸಿ ಕಟ್ಟಿ. ನೋಡೋಣ.

ಆ್ಯಪ್‌ನಲ್ಲಿ ಕೇಳಬಹುದಲ್ಲ ಅಂತ ಯಾರೋ ಹೇಳೇ ಹೇಳ್ತಾರೆ. ಕೇಳಬಹುದು. ಆದರೆ ಅದು ತಡವಾಗಿ ಬರುತ್ತೆ. ಗಂಟೆ ಬಾರಿಸಿದ್ದು ನೋಡಿ ಗಡಿಯಾರ ಸರಿ ಮಾಡಿಕೊಂಡರೆ ಬಸ್ ತಪ್ಪುತ್ತೆ.

ರಿಂಗ್ ರೋಡ್ ರಾಜಾ

ಇಷ್ಟೆಲ್ಲಾ ಬೇಕಾ? ಇಯರ್‌ಫೋನ್ ಹಾಕಿಕೊಂಡರೆ ಮುಗೀತು.

ಪಂಚರ್ ಪಂಡಿತ

ಹಿಂದೆ ಲಾರಿ ಬರೋದು ಕೇಳಬೇಕಲ್ಲ ರಾಜಾ ಅವರೇ. ಈಗ ತಾನೇ ನೀವೇ ಲಾರಿ ಕಥೆ ಹೇಳಿದ್ರಿ. ಹ್ಯಾಂಡಲ್ ಮೇಲಿನ ರೇಡಿಯೋ ಕಿವಿ ಮುಚ್ಚುವುದಿಲ್ಲ. ಅಣ್ಣ ಮಾಡಿದ್ದೇ ಸರಿ.

ರಿಂಗ್ ರೋಡ್ ರಾಜಾ

ಅವರ ಭಜನೆ ಇಡೀ ರಸ್ತೆ ಯಾಕೆ ಕೇಳಬೇಕು? ಬಸ್ಸಿನಲ್ಲಿ ಮೊಬೈಲ್ ಜೋರಾಗಿ ಹಾಕುವವರಿಗೆ ಬೈತೀವಿ. ಇದಕ್ಕೆ ಮಾತ್ರ ಯಾಕೆ ಚಪ್ಪಾಳೆ?

ಶಹಾಬಜಾರಿನವ

ರಾಜಾ ಅವರ ಮಾತು ತೆಗೆದುಹಾಕುವಂಥದ್ದಲ್ಲ. ಯೋಚನೆ ಮಾಡಿದೆ. ನಾನು ದನಿ ಕಮ್ಮಿಯೇ ಇಡುತ್ತೇನೆ, ನಿಂತಾಗ ಬಂದ್ ಮಾಡುತ್ತೇನೆ. ಆದರೆ ಮೊನ್ನೆ ಸೂಪರ್ ಮಾರ್ಕೆಟ್ ಹತ್ತಿರ ಬಂದ್ ಮಾಡಿದರೆ ಬಾಳೆಹಣ್ಣಿನ ಬಂಡಿಯ ಮೌಶಿ ಬೈದಳು: "ಯಪ್ಪಾ, ಹಾಡ್ ಮುಗೀಲಿ ನಿಂದ್ರು." ನಿಂತೆ. ಎರಡು ಬಾಳೆಹಣ್ಣು ಕೊಟ್ಟಳು, ರೊಕ್ಕ ತಗೊಳ್ಳಲಿಲ್ಲ. ಈಗ ದಿನಾ ಅಲ್ಲಿ ಒಂದು ಹಾಡಿನಷ್ಟು ಹೊತ್ತು ನಿಲ್ಲುವುದು ರೂಢಿ ಆಗಿದೆ.

ಸಿಗ್ನಲ್ ಅಣ್ಣಾ, ಅಡ್ಡ ತಿರುಗಿಸಿ ಕಟ್ಟಿದೆ. ಥರ್ಮೋಕೋಲ್ ಬದಲು ಚಪ್ಪಲಿ ಕತ್ತರಿಸಿ ಇಟ್ಟೆ. ಪಟೇಲ್ ಸರ್ಕಲ್‌ನಲ್ಲಿ ಪ್ರದೇಶ ಸಮಾಚಾರ ಪೂರಾ ಕೇಳಿತು! ಈಗ ಕೋಟೆ ಹತ್ತಿರ ಗರ್ರ್ ಅನ್ನುತ್ತೆ. ವಚನ ಹೋಯ್ತು, ಸುದ್ದಿ ಬಂತು.

ಬೀದರ್ ಹವಾ

ನಾವು ಬೀದರಿನವರು ಸ್ವಲ್ಪ ಹೊಟ್ಟೆ ಉರಿಸ್ತೀವಿ. ನಮ್ಮದು ಎತ್ತರದ ಮೇಲಿನ ಊರು, ಕೆಂಪು ಮಣ್ಣು, ಮೆತ್ತುವುದಿಲ್ಲ, ಸಂಜೆ ತಂಪು. ಕೋಟೆಯ ಸುತ್ತ ಸೈಕಲ್ ಹೊಡೆಯುವ ಸುಖ ನಿಮ್ಮೂರಲ್ಲಿಲ್ಲ. ಆದರೆ ನರಸಿಂಹ ಝರಣಿ ಕಡೆ ಇಳಿದರೆ ವಾಪಸ್ ಏರುವಾಗ ದೇವರು ಕಾಣುತ್ತಾನೆ.

ರೇಡಿಯೋ ಅಂದರೆ ನಮ್ಮ ಮನೆಯಲ್ಲಿ ಮೂರು ಭಾಷೆ. ಕನ್ನಡಕ್ಕೆ ಕಲಬುರಗಿ, ಉರ್ದು-ತೆಲುಗಿಗೆ ಹೈದರಾಬಾದ್, ಹಿಂದಿ ಹಾಡಿಗೆ ವಿವಿಧ ಭಾರತಿ. ಸಿನಿಮಾನೂ ಹಾಗೇ. ಹೊಸ ತೆಲುಗು ಸಿನಿಮಾ ಬಂದರೆ ಹುಡುಗರು ಜಹೀರಾಬಾದ್ ದಾಟಿ ಹೈದರಾಬಾದಿಗೇ ಹೋಗಿ ನೋಡಿ ಬರುತ್ತಾರೆ. ಬೆಂಗಳೂರು ನಮಗೆ ಒಂದು ರಾತ್ರಿ ದೂರ. ಅದಕ್ಕೇ ಸಿನಿಮಾದಲ್ಲಿ ತೋರಿಸುವ ಬೆಂಗಳೂರು ನಮಗೆ ಮುಂಬೈನಷ್ಟೇ ಪರಊರು.

ಸೆಕೆಂಡ್ ಶೋ

ಕೊನೆಗೂ ಸಿನಿಮಾಕ್ಕೆ ಬಂದ್ರಿ. ಎಷ್ಟು ಹೊತ್ತಿಂದ ಕಾಯ್ತಾ ಇದ್ದೆ.

ಮೊದಲು ಸೈಕಲ್. 1992ರಲ್ಲಿ 'ಜೋ ಜೀತಾ ವಹೀ ಸಿಕಂದರ್' ಬಂದಾಗ ನಾನು ಒಂಬತ್ತನೇ ತರಗತಿ. ಇಡೀ ಸಿನಿಮಾ ಒಂದು ಸೈಕಲ್ ರೇಸಿಗಾಗಿ. ಅಣ್ಣ ಬೀಳುತ್ತಾನೆ, ತಮ್ಮ ಓಡಿಸುತ್ತಾನೆ. ಅದನ್ನು ನೋಡಿ ಬಂದ ವಾರ ನಮ್ಮ ಓಣಿಯ ಹುಡುಗರೆಲ್ಲ ಮಡ್‌ಗಾರ್ಡ್, ಚೈನ್ ಕವರ್, ಸ್ಟ್ಯಾಂಡ್ ಬಿಚ್ಚಿ ಎಸೆದು, ಹ್ಯಾಂಡಲ್ ತಲೆಕೆಳಗು ಮಾಡಿಸಿದೆವು. ಜುಲೈ ಮಳೆ ಬಂತು. ಬೆನ್ನ ಮೇಲೆ ಕುತ್ತಿಗೆವರೆಗೆ ಕೆಸರಿನ ಪಟ್ಟಿ. ಒಬ್ಬೊಬ್ಬರಾಗಿ ಸುಮ್ಮನೆ ಹೋಗಿ ಮಡ್‌ಗಾರ್ಡ್ ವಾಪಸ್ ಹಾಕಿಸಿಕೊಂಡು ಬಂದೆವು.

ಸೈಕಲನ್ನು ಬಡತನದ ಗುರುತು ಮಾಡಿದ್ದು ತಪ್ಪಲ್ಲ, ಅಷ್ಟಕ್ಕೇ ಬಿಟ್ಟದ್ದು ತಪ್ಪು. ಇಟಲಿಯ ಡಿ ಸಿಕಾ 1948ರಲ್ಲಿ ಮಾಡಿದ 'ಬೈಸಿಕಲ್ ಥೀವ್ಸ್'ನಲ್ಲೂ ಬಡವನೇ. ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಕ್ಕಿದೆ, ಸೈಕಲ್ ಇಲ್ಲದೆ ಆ ಕೆಲಸ ಇಲ್ಲ, ಮೊದಲ ದಿನವೇ ಸೈಕಲ್ ಕಳವು. ಅಲ್ಲಿ ಸೈಕಲ್ ಅ‌ಂದರೆ ಮನೆಯ ಊಟ. ಅದಕ್ಕೇ ಎದೆ ಹಿಂಡುತ್ತೆ. ನಮ್ಮಲ್ಲಿ ಹೀರೋನ ಸೈಕಲ್ ಎಲ್ಲಿ ಹೋಯಿತು ಅಂತ ಇಂಟರ್ವಲ್ ಆದ ಮೇಲೆ ನಿರ್ದೇಶಕರಿಗೂ ಗೊತ್ತಿರುವುದಿಲ್ಲ.

ಇನ್ನು ನನ್ನ ಹಳೇ ಹೊಟ್ಟೆನೋವು. ಕನ್ನಡ ಸಿನಿಮಾದಲ್ಲಿ ನಮ್ಮ ಕಡೆ ಮಾತಾಡುವವನು ಯಾರು? ಒಂದೋ ಕಾನ್‌ಸ್ಟೇಬಲ್, ಇಲ್ಲಾ ಬೆಂಗಳೂರಲ್ಲಿ ಬಸ್ಸಿಳಿದು ದಾರಿ ಕೇಳುವ ಪೆದ್ದ. ಅವನಾದರೂ ನಮ್ಮ ಮಾತು ಆಡುತ್ತಾನಾ? ಧಾರವಾಡದ ಮಾತಿಗೆ ನಾಲ್ಕು 'ಲೇ' ಸೇರಿಸಿದರೆ ಉತ್ತರ ಕರ್ನಾಟಕ ಮುಗಿಯಿತು. ನಮ್ಮ ಮಾತಿನಲ್ಲಿ ಜರಾ ಇದೆ, ಜಲ್ದಿ ಇದೆ, ಖಾಲಿಪೀಲಿ ಇದೆ. ಅರ್ಧ ವಾಕ್ಯ ಉರ್ದುವಿಗೆ ಹೋಗಿ ವಾಪಸ್ ಬರುತ್ತೆ. ಅದನ್ನು ಸಿನಿಮಾ ಕೇಳಿಸಿಕೊಂಡೇ ಇಲ್ಲ. ಮಂಗಳೂರು ಕಡೆಯವರನ್ನು ನೋಡಿ. 2017ರಲ್ಲಿ 'ಒಂದು ಮೊಟ್ಟೆಯ ಕಥೆ' ಬಂತು, ಅವರ ಮಾತಲ್ಲೇ. 2022ರಲ್ಲಿ 'ಕಾಂತಾರ' ದೇಶ ಪೂರಾ ಓಡಿತು. ಕರಾವಳಿ ಮಾತು ಅರ್ಥ ಆಗಲ್ಲ ಅಂತ ಯಾರೂ ಎದ್ದು ಹೋಗಲಿಲ್ಲ. ನಮ್ಮ ಮಾತಿಗೆ ಮಾತ್ರ ಯಾಕೆ ಭಯ?

ಹಳೇ ಅಟ್ಲಾಸ್

ಆ ಕೆಲಸ ರೇಡಿಯೋ ಮಾಡಿದೆ ತಮ್ಮಾ. ರೈತರ ಕಾರ್ಯಕ್ರಮದಲ್ಲಿ ತೊಗರಿ ಕಾಯಿಕೊರಕದ ಬಗ್ಗೆ ಮಾತಾಡುವಾಗ ನಮ್ಮ ಮಾತೇ ಕೇಳುತ್ತಿತ್ತು. ಯಾರೂ ನಗಲಿಲ್ಲ. ಹುಳ ಸಾಯಬೇಕಿತ್ತಲ್ಲ.

ತೊಗರಿ ಬ್ಯಾಳಿ

ಕಾಕಾ, ಇದನ್ನು ಬರೆದಿಟ್ಟುಕೊಂಡೆ.

ಶಹಾಬಜಾರಿನವ

ಎಲ್ಲರೂ ಇಷ್ಟು ಮಾತಾಡಿದ ಮೇಲೆ ಒಂದು ಕೆಲಸ ಮಾಡೋಣ ಅನಿಸುತ್ತೆ. ಬರುವ ಭಾನುವಾರ ಬೆಳಿಗ್ಗೆ ಮಳಖೇಡಕ್ಕೆ ಸೈಕಲ್ ಮೇಲೆ ಹೋಗೋಣವಾ? ಸೇಡಂ ರಸ್ತೆ, ಸುಮಾರು 40 ಕಿಲೋಮೀಟರ್. ರಾಷ್ಟ್ರಕೂಟರ ರಾಜಧಾನಿ, ಕಾಗಿಣಾ ನದಿ ದಂಡೆ. ಕವಿರಾಜಮಾರ್ಗ ಪಾಠದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವರು, ಊರಿನ ಪಕ್ಕದಲ್ಲೇ ಇದ್ದರೂ ನೋಡಿಲ್ಲ. ನಾನೂ ನೋಡಿಲ್ಲ. ಐದೂವರೆಗೆ ಹೊರಟರೆ ಬಿಸಿಲೇರುವುದರೊಳಗೆ ಮುಟ್ಟಬಹುದು.

ರಿಂಗ್ ರೋಡ್ ರಾಜಾ

ಹಪ್ಪಳದ ಸೀರೆ ಬಿಚ್ಚಬೇಕಾಗುತ್ತೆ. ಕೇಳಿ ಹೇಳ್ತೀನಿ.

ತೊಗರಿ ಬ್ಯಾಳಿ

ಪಕ್ಕದ ಮನೆ ಹುಡುಗಿಯ ಸೈಕಲ್ ಕೇಳಿದ್ದೇನೆ. ಅಷ್ಟು ದೂರ ಆಗಲ್ಲ. ಊರು ದಾಟಿ ಸ್ವಲ್ಪ ದೂರ ಬಂದು ವಾಪಸ್ ಹೋಗ್ತೀನಿ. ಪರವಾಗಿಲ್ವಾ?

ಶಹಾಬಜಾರಿನವ

ಹೋಗಿ ಬಂದೆವು. ಐದು ಜನ ಹೊರಟೆವು: ನಾನು, ಪಂಡಿತ, ರಾಜಾ, ಸೆಕೆಂಡ್ ಶೋ, ತೊಗರಿ ಬ್ಯಾಳಿ ಅಕ್ಕ. ಬೆಳಗಿನ ಜಾವ ಸ್ವೆಟರ್ ಬೇಕಾಗುವಷ್ಟು ಚಳಿ. ಊರು ದಾಟಿದ ಮೇಲೆ ಎರಡೂ ಕಡೆ ತೊಗರಿ ಕೊಯ್ದು ಗೂಡು ಹಾಕಿದ್ದರು, ಹಸಿ ತೊಗರಿ ಕಟ್ಟಿಗೆಯ ವಾಸನೆ. ಅಕ್ಕ ಸ್ವಲ್ಪ ದೂರ ಅಂದವರು ಹನ್ನೊಂದು ಕಿಲೋಮೀಟರ್ ಬಂದರು. ನಮಗಿಂತ ಮುಂದೆಯೇ ಇದ್ದರು. ತಿರುಗಿ ಹೋಗುವಾಗ ಗಂಟೆ ಬಾರಿಸಿದ ರೀತಿ ನೋಡಬೇಕಿತ್ತು.

ಒಂದು ಕಣದ ಹತ್ತಿರ ಅಜ್ಜ ಒಬ್ಬರು ರೇಡಿಯೋ ಸದ್ದು ಕೇಳಿ ಕರೆದರು. "ಬರ್ರಿ, ರೊಟ್ಟಿ ತಿಂದು ಹೋಗ್ರಿ." ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಸೈಕಲ್ ಹೊಲದ ಬದುವಿಗೆ ಒರಗಿಸಿ ಕೂತೆವು. ಎದ್ದು ನೋಡಿದರೆ ಮೂರು ಸೈಕಲ್ ಮಲಗಿವೆ. ಬದು ತುಂಬ ನೆಗ್ಗಿಲು! ಪಂಡಿತರ ಟೈರಿನಲ್ಲೇ ಆರು. ಹಳೇ ಟ್ಯೂಬ್ ಹಾಸಿದ ನನ್ನದಕ್ಕೆ ಏನೂ ಆಗಿಲ್ಲ. ಪಂಡಿತರು ತಮ್ಮ ಸೈಕಲಿಗೆ ಹಾಸಿರಲಿಲ್ಲ. ಯಾಕೆ ಅಂತ ಕೇಳಿದರೆ "ಭಾರ ಆಗುತ್ತೆ" ಅಂದರು.

ಪ್ಯಾಚ್ ಮುಗಿಸಿ ಮಳಖೇಡ ಮುಟ್ಟಿದಾಗ ಹನ್ನೊಂದೂವರೆ. ಕೋಟೆ ಗೋಡೆ ನೆರಳಲ್ಲಿ ಕೂತು ನದಿ ನೋಡಿದೆವು. ಯಾರೂ ಜಾಸ್ತಿ ಮಾತಾಡಲಿಲ್ಲ. ರಾಜಾ ಅಲ್ಲೇ ನಿದ್ದೆ ಹೋದರು. ವಾಪಸ್ ಬರುವಾಗ ಅವರು ಸೈಕಲನ್ನು ಟಂಟಂ ಆಟೋ ಮೇಲೆ ಹಾಕಿಸಿಕೊಂಡು ಬಂದರು. ಇದನ್ನು ಬರೆಯಬೇಡಿ ಅಂದಿದ್ದರು.

ರಿಂಗ್ ರೋಡ್ ರಾಜಾ

ಬರೆಯಬೇಡಿ ಅಂದಿದ್ದೆ.

ತೊಗರಿ ಬ್ಯಾಳಿ

ನಾನು ಮನೆಗೆ ಬಂದಾಗ ಏಳೂವರೆ. ಓಣಿಯವರು ನೋಡಿದರು. ನಾನೂ ಅವರನ್ನು ನೋಡಿದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಏನೂ ಅನ್ನಲಿಲ್ಲ. ಮಧ್ಯಾಹ್ನ ಊಟ ಬಡಿಸುವಾಗ, "ನಾನೂ ಸಣ್ಣಾಕಿ ಇದ್ದಾಗ ಕೈಂಚಿ ಹೊಡೀತಿದ್ದೆ, ನಮ್ಮಣ್ಣಂದು ಕದ್ದು" ಅಂದರು. ಇಷ್ಟು ವರ್ಷ ಒಂದು ಮಾತೂ ಹೇಳಿರಲಿಲ್ಲ. ಹಳೇ ಅಟ್ಲಾಸ್ ಕಾಕಾ, ನಿಮ್ಮ ಲೆಕ್ಕಕ್ಕೆ ಇನ್ನೊಬ್ಬರನ್ನು ಸೇರಿಸಿಕೊಳ್ಳಿ.

ಒಂದು ಕೇಳಬೇಕಿತ್ತು. ಮೊಣಕಾಲು ನೋಯ್ತಾ ಇದೆ. ಸೀಟು ಎಷ್ಟು ಎತ್ತರ ಇರಬೇಕು?

ಪಂಚರ್ ಪಂಡಿತ

ಅಕ್ಕಾ, ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಡಿ. ಕಾಲು ನೆಟ್ಟಗಾಗಬೇಕು. ಮೊಣಕಾಲು ಮಡಚಿದ್ದರೆ ಸೀಟು ಕೆಳಗಿದೆ ಅಂತ. ಆ ಹುಡುಗಿ ಎಷ್ಟನೇ ತರಗತಿ? ಅವಳ ಅಳತೆಗೆ ಇಟ್ಟಿರಬೇಕು, ನಿಮಗೆ ಮೂರು ಬೆರಳು ಏರಿಸಬೇಕಾಗುತ್ತೆ. ವಾಪಸ್ ಕೊಡುವಾಗ ಇಳಿಸಿ ಕೊಡಿ.

ತೊಗರಿ ಬ್ಯಾಳಿ

ವಾಪಸ್ ಕೊಡುವುದು ಬೇಡ ಅಂತ ಅತ್ತೆ ಹೇಳ್ತಾ ಇದ್ದಾರೆ. ಸೆಕೆಂಡ್ ಹ್ಯಾಂಡ್ ಲೇಡೀಸ್ ಸೈಕಲ್ ಎಲ್ಲಿ ಸಿಗುತ್ತೆ?